ಕೊರಿಯಾ, ಚೀನಾದ ಎಡಪಂಥೀಯ ಕತೆಗಳನ್ನ ಜೋಡಿಯಾಗಿ ಓದೋದು ಹೇಗೆ: ಉಡುಪಿಯ ನಮ್ಮ ಜಗಲಿಯಿಂದ

ಮೊದಲೇ ಹೇಳ್ತೇನೆ, ಈ ಕತೆಗಳನ್ನ ಒಬ್ರೇ ಕೂತು ಓದ್ಲಿಕ್ಕೆ ಹೋಗ್ಬೇಡಿ. ಕನಿಷ್ಠ ನಾಲ್ಕು ಜನ ಬೇಕು, ಅದ್ರಲ್ಲಿ ಒಬ್ರಾದ್ರೂ ಸಾಹಿತ್ಯದ ಸಹವಾಸ ಇಲ್ಲದವ್ರು ಇರ್ಬೇಕು. ನಾನು ಎರಡು ವರ್ಷ ಒಬ್ನೇ ಓದಿದೆ, ಕೊರಿಯಾದ್ದು ಬೇರೆ ಚೀನಾದ್ದು ಬೇರೆ ಅಂತ ಓದಿದೆ, ಎರಡರಲ್ಲೂ ಬಡತನ, ಜಪಾನಿನ ಪೊಲೀಸು, ಜೈಲು, ಅಷ್ಟೇ ಕಂಡದ್ದು. ಆಮೇಲೆ ಕುಂಜಿಬೆಟ್ಟಿನ ಒಂದು ಮನೆಯ ಜಗಲಿಯಲ್ಲಿ ತಿಂಗಳಿಗೊಂದು ಆದಿತ್ಯವಾರ ಏಳೆಂಟು ಜನ ಸೇರ್ಲಿಕ್ಕೆ ಶುರು ಮಾಡಿದ್ವಿ. ಬ್ಯಾಂಕಿಂದ ರಿಟೈರ್ ಆದವರೊಬ್ರು, ಮಣಿಪಾಲದಲ್ಲಿ ಓದುವ ಇಬ್ರು ಹುಡುಗಿಯರು, ಹೈಸ್ಕೂಲ್ ಮೇಷ್ಟ್ರೊಬ್ರು, ಬ್ರಹ್ಮಾವರ ಕಡೆಯಿಂದ ಬಸ್ಸಲ್ಲಿ ಬರುವ ಬೀಡಿ ಕಟ್ಟುವ ಅಕ್ಕ. ಜೋರಾಗಿ ಓದಿ ಮಾತಾಡ್ಲಿಕ್ಕೆ ಶುರು ಮಾಡಿದ ಮೇಲೆಯೇ ಈ ಎರಡು ದೇಶದ ಕತೆಗಳು ಒಂದಕ್ಕೊಂದು ಮಾತಾಡ್ತಾ ಇದ್ವು ಅಂತ ಗೊತ್ತಾದದ್ದು. ನಿಮ್ಮೂರಲ್ಲೂ ಇಂಥದ್ದು ಮಾಡ್ಬೇಕು ಅಂತಿದ್ರೆ ನಾವು ಕಲ್ತದ್ದು ಇಲ್ಲಿ ಬರೀತಿದ್ದೇನೆ.

ಮೊದಲ ದಿನ ಹಿನ್ನೆಲೆ ಹೇಳ್ಬೇಕಾಗ್ತದೆ, ಆದ್ರೆ ಹದಿನೈದು ನಿಮಿಷಕ್ಕಿಂತ ಜಾಸ್ತಿ ಬೇಡ. ಕೊರಿಯಾ 1910ರಿಂದ ಜಪಾನಿನ ವಸಾಹತು. 1919ರ ಮಾರ್ಚ್ 1ಕ್ಕೆ ಅಲ್ಲಿ ಸ್ವಾತಂತ್ರ್ಯದ ಚಳವಳಿ ಎದ್ದಿತು, ಎರಡು ತಿಂಗಳು ಕಳೆದು ಬೀಜಿಂಗಿನಲ್ಲಿ ಮೇ 4ರ ವಿದ್ಯಾರ್ಥಿ ಚಳವಳಿ, ಚೀನಾದ ಪತ್ರಿಕೆಗಳು ಕೊರಿಯಾದವರನ್ನ ನೋಡಿ ಕಲೀರಿ ಅಂತ ಬರೆದಿದ್ವು. 1925ರಲ್ಲಿ ಕೊರಿಯಾದ ರಾಜಧಾನಿ ಸೋಲ್‌ನಲ್ಲಿ ಎಡಪಂಥೀಯ ಬರಹಗಾರರು ಕಾಪ್ಫ್ ಅಂತ ಸಂಘ ಕಟ್ಟಿದ್ರು, ಆ ಹೆಸರು ಎಸ್ಪೆರಾಂಟೊದ್ದು, ಎಲ್ಲ ದೇಶದವರೂ ಮಾತಾಡ್ಲಿ ಅಂತ ಹೊಸದಾಗಿ ಕಟ್ಟಿದ ಭಾಷೆ ಅದು. ಕೊರಿಯನ್ ಅಲ್ಲ, ಜಪಾನಿ ಅಲ್ಲ, ಯಾರದ್ದೂ ಅಲ್ಲದ ಎಲ್ರದ್ದೂ ಆದ ಭಾಷೆ ಬೇಕು ಅಂತ ಹಟ ಹಿಡಿದು ಇಟ್ಟ ಹೆಸರು ಅಂತ ನನ್ಗೆ ಅನ್ನಿಸ್ತದೆ. ಚೀನಾದ ಎಡಪಂಥೀಯ ಲೇಖಕರ ಒಕ್ಕೂಟ ಶುರುವಾದದ್ದು 1930ರ ಮಾರ್ಚ್ 2ಕ್ಕೆ, ಶಾಂಘೈಯಲ್ಲಿ. ಒಂದು ವರ್ಷ ತುಂಬುವ ಮುಂಚೆಯೇ, 1931ರ ಫೆಬ್ರವರಿ 7ರಂದು, ಅದರ ಐದು ಜನ ಬರಹಗಾರರನ್ನ ಚೀನಾದ ಆಗಿನ ಸರ್ಕಾರದವರೇ ಶಾಂಘೈಯ ಲೊಂಗ್‌ಹ್ವಾದಲ್ಲಿ ಗುಂಡಿಕ್ಕಿ ಕೊಂದ್ರು. ಕಾಪ್ಫಿನವರನ್ನ ಜಪಾನಿನ ಪೊಲೀಸರು 1931ರಲ್ಲೊಮ್ಮೆ 1934ರಲ್ಲೊಮ್ಮೆ ಗುಂಪುಗುಂಪಾಗಿ ಹಿಡಿದು ಒಳಗೆ ಹಾಕಿದ್ರು, 1935ರಲ್ಲಿ ಸಂಘ ಮುಚ್ಚಿತು, ಮರುವರ್ಷ ಚೀನಾದ ಒಕ್ಕೂಟವೂ ವಿಸರ್ಜನೆ ಆಯ್ತು. ಅದೇ 1936ರಲ್ಲಿ ನಮ್ಮ ಲಖ್ನೋದಲ್ಲಿ ಪ್ರೇಮಚಂದರ ಅಧ್ಯಕ್ಷತೆಯಲ್ಲಿ ಪ್ರಗತಿಶೀಲ ಲೇಖಕರ ಸಂಘ ಶುರುವಾದದ್ದು, ಇದನ್ನ ಹೇಳಿದ್ರೆ ಕೂತವ್ರಿಗೆ ಕಾಲ ಸರಿಯಾಗಿ ಸಿಗ್ತದೆ. ಇಷ್ಟು ಸಾಕು, ಉಳಿದದ್ದು ಕತೆಯೇ ಹೇಳ್ತದೆ.

ನಕ್ಷೆ ಮಾತ್ರ ಬಿಡ್ಲೇಬೇಡಿ. ನಾವು ಹಳೆ ಕ್ಯಾಲೆಂಡರಿನ ಹಿಂದೆ ಸ್ಕೆಚ್ ಪೆನ್ನಲ್ಲಿ ಬಿಡಿಸಿದ್ವಿ. ಮೇಲೆ ಒಂದು ಬೆಟ್ಟ, ಕೊರಿಯಾದವರಿಗೆ ಬೆಕ್ತು, ಚೀನಾದವರಿಗೆ ಚಾಂಗ್‌ಬೈ. ಅಲ್ಲಿಂದ ಪಶ್ಚಿಮಕ್ಕೆ ಹೋಗುವ ಹೊಳೆ ಯಾಲು, ಕೊರಿಯನ್ನಿನಲ್ಲಿ ಅಮ್ನೋಕ್. ಪೂರ್ವಕ್ಕೆ ಹೋಗುವ ಹೊಳೆ ತುಮೆನ್, ಕೊರಿಯನ್ನಿನಲ್ಲಿ ತುಮಾನ್. ತುಮೆನಿನ ಆಚೆ ದಡದಲ್ಲಿ ಕೊರಿಯಾದ ಬಡ ಒಕ್ಕಲುಗಳು ಗುಳೆ ಹೋದ ಜಾಗ ಗಾಂದೋ, ಚೀನೀಯಲ್ಲಿ ಅದೇ ಜಾಗ ಜಿಯಾನ್‌ದಾವ್. ಪ್ರತಿ ಜಾಗಕ್ಕೂ ಎರಡೂ ಹೆಸರು ಬರೀರಿ. ಇದನ್ನ ಮಾಡದಿದ್ರೆ ಮೂರನೇ ಕತೆಗೆ ಬರುವಾಗ ಎಲ್ರೂ ಗೊಂದಲ ಆಗಿ ಪುಸ್ತಕ ಕೆಳಗಿಡ್ತಾರೆ, ನಮ್ಮಲ್ಲಿ ಹಾಗೇ ಆದದ್ದು, ಒಬ್ರು ಗಾಂದೋ ಜಿಯಾನ್‌ದಾವ್ ಎರಡು ಬೇರೆ ಊರು ಅಂತ ತಿಳ್ಕೊಂಡು ಕತೆ ಪೂರ್ತಿ ತಪ್ಪಾಗಿ ಓದಿದ್ರು. ಕುಡ್ಲ, ಮಂಗಳೂರು, ಮೈಕಾಲ, ಕೊಡಿಯಾಲ ಎಲ್ಲ ಒಂದೇ ಅಂತ ಗೊತ್ತಿರುವ ನಮ್ಗೆ ಇದು ಕಷ್ಟ ಆಗ್ಬಾರ್ದು.

ಮೊದಲ ಕತೆಗೆ ಜಿಯಾಂಗ್ ಗುವಾಂಗ್‌ಚಿ ಬರೆದ 'ಯಾಲು ನದಿಯ ಮೇಲೆ' ತಗೊಳ್ಳಿ, 1920ರ ದಶಕದ ಕತೆ. ಜಿಯಾಂಗ್ ಮಾಸ್ಕೋದಲ್ಲಿ ಓದಿ ಬಂದವ. ಕತೆ ನಡೆಯೋದೂ ಅಲ್ಲೇ, ಚಳಿಗಾಲದ ರಾತ್ರಿ, ಒಲೆಯ ಸುತ್ತ ಬೇರೆ ಬೇರೆ ದೇಶದ ವಿದ್ಯಾರ್ಥಿಗಳು ಕೂತು ತಂತಮ್ಮ ಪ್ರೀತಿಯ ಕತೆ ಹೇಳ್ತಾ ಇರ್ತಾರೆ, ಒಬ್ಬ ಚೀನಾದವ, ಒಬ್ಬ ಪರ್ಷಿಯಾದವ, ಒಬ್ಬ ಕೊರಿಯಾದವ. ಕೊರಿಯಾದ ಹುಡುಗ ಸುಮಾರು ಹೊತ್ತು ಬಾಯಿ ಬಿಡೋದಿಲ್ಲ. ಆಮೇಲೆ ಹೇಳ್ತಾನೆ, ಬಾಲ್ಯದಿಂದ ಜೊತೆಗಿದ್ದ ಹುಡುಗಿ, ತಾನು ಗಡಿ ದಾಟಿ ಬಂದದ್ದು, ಅವಳು ಅಲ್ಲೇ ಉಳಿದು ಚಳವಳಿಗೆ ಸೇರಿ ಸೋಲ್‌ನ ಜೈಲಿನಲ್ಲಿ ಸತ್ತದ್ದು. ಓದ್ಲಿಕ್ಕೆ ಸುಲಭ, ಕಣ್ಣೀರೂ ಬರ್ತದೆ. ಆದ್ರೆ ಓದಿ ಮುಗಿಸಿ ಅಲ್ಲಿಗೇ ನಿಲ್ಲಿಸ್ಬೇಡಿ, ಗುಂಪಿನಲ್ಲಿ ಒಂದು ಪ್ರಶ್ನೆ ಕೇಳಿ: ಈ ಚೀನೀ ಲೇಖಕನಿಗೆ ಕೊರಿಯಾದ ಹುಡುಗ ಯಾಕೆ ಬೇಕಾದ?

ಈ ಪ್ರಶ್ನೆಯೇ ಇಡೀ ವರ್ಷದ ಓದಿಗೆ ಬೀಗದ ಕೈ. ಆ ಕಾಲದ ಚೀನೀ ಕತೆಗಳಲ್ಲಿ ಕೊರಿಯಾದವರು ಬರುವಾಗ ತುಂಬಾ ಸಲ ಸತ್ತ ಪ್ರೇಯಸಿಯಾಗಿ, ಅನಾಥ ಹುಡುಗನಾಗಿ, ಮನೆ ಕಳ್ಕೊಂಡವನಾಗಿ ಬರ್ತಾರೆ. ನಾಳೆ ನಮ್ಮ ದೇಶವೂ ಹೀಗೇ ಆಗ್ತದೆ ಅನ್ನುವ ಹೆದರಿಕೆಗೆ ಹಿಡಿದ ಕನ್ನಡಿ ಅವರು. ಅದು ಕನಿಕರ, ಒಳ್ಳೆಯದೇ, ಆದ್ರೆ ಅದು ಇನ್ನೂ ಒಗ್ಗಟ್ಟಾಗಿಲ್ಲ. ಕನಿಕರ ಎಲ್ಲಿ ಮುಗಿದು ಒಗ್ಗಟ್ಟು ಎಲ್ಲಿ ಶುರುವಾಗ್ತದೆ ಅಂತ ಹುಡುಕುವುದೇ ಈ ಓದಿನ ಕೆಲಸ, ಅದು ಘೋಷಣೆಯಲ್ಲಿ ಸಿಗೋದಿಲ್ಲ, ಯಾರು ಯಾರ ಪಕ್ಕ ಕೂರ್ತಾರೆ, ಯಾರು ಯಾರಿಗೋಸ್ಕರ ಬಾಯಿ ಮುಚ್ಕೊಂಡಿರ್ತಾರೆ, ಇಂಥ ಸಣ್ಣ ಜಾಗದಲ್ಲಿ ಸಿಗ್ತದೆ.

ಅದಕ್ಕೇ ಎರಡನೇ ತಿಂಗಳಿಗೆ ಶು ಚುನ್ ಬರೆದ 'ತಾಯ್ನಾಡಿಲ್ಲದ ಹುಡುಗ' ಇಡಿ, 1936ರದ್ದು. ಈಶಾನ್ಯ ಚೀನಾದ ರೈಲ್ವೆ ಊರು, ಸೋವಿಯತ್ ಮಕ್ಕಳ ಶಾಲೆ, ದನ ಕಾಯುವ ಕೊರಿಯಾದ ಹುಡುಗ. ಶಾಲೆಯ ರಷ್ಯನ್ ಹುಡುಗ ಮೊದಲಿಗೆ ಅವನನ್ನ ಹೀಯಾಳಿಸ್ತಾನೆ. ಕತೆ ಹೇಳುವ ಚೀನೀ ಹುಡುಗನಿಗೆ ತನಗೊಂದು ದೇಶ ಉಂಟು ಅನ್ನುವ ಧೈರ್ಯ ಇರ್ತದೆ, ಜಪಾನಿನ ಸೈನ್ಯ ಬಂದ ಮೇಲೆ ಅವನಿಗೂ ತನ್ನದು ಅಂತ ತೋರಿಸ್ಲಿಕ್ಕೆ ಬಾವುಟ ಉಳಿಯೋದಿಲ್ಲ. ಇಲ್ಲಿ ಕನ್ನಡಿ ಒಡೀತದೆ ನೋಡಿ, ನೋಡುವವನೂ ನೋಡಿಸಿಕೊಳ್ಳುವವನೂ ಒಂದೇ ಕಡೆ ಬಂದು ನಿಲ್ತಾರೆ. ಒಂದು ಎಚ್ಚರಿಕೆ, ಚೀನೀ ಮೂಲವನ್ನ ಫೋನಲ್ಲಿ ಮೆಶಿನ್ ಅನುವಾದ ಮಾಡಿ ಓದುವವರು 'ಗಾವ್‌ಲಿ' ಅನ್ನುವ ಶಬ್ದ ಎಲ್ಲೆಲ್ಲಿ ಬರ್ತದೆ ಅಂತ ಗುರ್ತು ಹಾಕ್ಕೊಳ್ಳಿ. ಕೊರಿಯಾದ ಹಳೇ ಹೆಸರದು, ಆದ್ರೆ ಆಡುಮಾತಿನಲ್ಲಿ ತಾತ್ಸಾರದಿಂದ ಕರೀಲಿಕ್ಕೂ ಬಳಸ್ತಿದ್ರು. ಮೆಶಿನ್ ಅದನ್ನ ಬರೀ 'ಕೊರಿಯನ್' ಅಂತ ಮಾಡ್ತದೆ, ಅವಮಾನ ಅಳಿಸಿ ಹೋಗ್ತದೆ, ಅವಮಾನ ಹೋದ್ರೆ ಆಮೇಲೆ ಬರುವ ಸ್ನೇಹಕ್ಕೆ ತೂಕವೇ ಇರೋದಿಲ್ಲ.

ಈಗ ಕೊರಿಯಾದವರೇ ಬರೆದ ಕತೆಗೆ ಬನ್ನಿ. ಕಾಂಗ್ ಕ್ಯೊಂಗ್-ಎ ಅಂತ ಕೊರಿಯಾದ ಲೇಖಕಿ, 1906ರಲ್ಲಿ ಹುಟ್ಟಿ 1944ರಲ್ಲಿ ತೀರಿಕೊಂಡವರು, ಬರೆದದ್ದು ಹೆಚ್ಚಿನದ್ದೂ ಗಾಂದೋದ ಯೊಂಗ್‌ಜೊಂಗ್ ಊರಲ್ಲಿ ಸಂಸಾರ ಮಾಡ್ತಾ. ಅವರ 'ಉಪ್ಪು' 1934ರ ಕತೆ, ಇಂಗ್ಲಿಷ್ ಅನುವಾದ ಉಂಟು. ಇದಕ್ಕೆ ಒಂದಿಡೀ ಮಧ್ಯಾಹ್ನ ಬೇಕು, ಎರಡು ಸಲ ಸೇರಿದ್ರೂ ಅಡ್ಡಿಯಿಲ್ಲ.

ಗಾಂದೋದಲ್ಲಿ ಚೀನೀ ಧಣಿಯ ಗದ್ದೆ ಗೇಣಿಗೆ ಮಾಡುವ ಕೊರಿಯಾದ ಕುಟುಂಬ. ಗಂಡ ಕೊಲೆಯಾಗ್ತಾನೆ, ಕಮ್ಯುನಿಸ್ಟರೇ ಕೊಂದದ್ದು ಅಂತ ಹೆಂಡತಿ ನಂಬ್ತಾಳೆ. ಮಗ ಮನೆ ಬಿಟ್ಟು ಹೋಗ್ತಾನೆ, ಅವನನ್ನ ಕಮ್ಯುನಿಸ್ಟ್ ಅಂತ ಕೊಲ್ತಾರೆ. ಧಣಿ ಅವಳನ್ನ ಕೆಡಿಸಿ ಬಸಿರು ಮಾಡಿ ಹೊರಗೆ ಹಾಕ್ತಾನೆ. ಬೇರೆಯವರ ಮಗುವಿಗೆ ಹಾಲು ಕುಡಿಸುವ ಕೆಲಸಕ್ಕೆ ಹೋಗ್ತಾಳೆ, ಅಷ್ಟರಲ್ಲಿ ತನ್ನ ಮಕ್ಕಳು ಜ್ವರ ಬಂದು ಸಾಯ್ತವೆ. ಕೊನೆಗೆ ಬದುಕ್ಲಿಕ್ಕೆ ಉಳಿದ ದಾರಿ ಒಂದೇ, ಕೊರಿಯಾ ಕಡೆಯಿಂದ ಉಪ್ಪು ಕದ್ದು ತಂದು ಮಾರುವುದು, ಯಾಕಂದ್ರೆ ಗಾಂದೋದಲ್ಲಿ ಉಪ್ಪು ಸರ್ಕಾರದ ಏಕಸ್ವಾಮ್ಯ, ಕ್ರಯ ಮುಟ್ಲಿಕ್ಕಾಗದಷ್ಟು. ರಾತ್ರಿ, ತಲೆ ಮೇಲೆ ಉಪ್ಪಿನ ಮೂಟೆ, ಕಾಲಡಿಯಲ್ಲಿ ತುಮೆನ್ ಹೊಳೆ, ಬಿದ್ರೆ ಉಪ್ಪೂ ಕರಗ್ತದೆ ಅವಳೂ ಕರಗ್ತಾಳೆ. ಬೆಟ್ಟದಲ್ಲಿ ಗೆರಿಲ್ಲಾಗಳು ಅಡ್ಡ ಹಾಕ್ತಾರೆ, ಉಪ್ಪು ಹೋಯ್ತು ಅಂತ ಇವಳು ನಡುಗ್ತಾಳೆ, ಅವರು ಮಾತಾಡಿ ಉಪ್ಪು ಮುಟ್ಟದೆ ಕಳಿಸ್ತಾರೆ. ಊರಿಗೆ ಬಂದ್ಮೇಲೆ ಹಿಡಿಯುವವರು ಪೊಲೀಸರು. ಅಲ್ಲಿಂದ ಮುಂದೆ, ಅಂದ್ರೆ ಅವಳಿಗೆ ಯಾರು ತನ್ನವರು ಅಂತ ಹೊಳೆಯುವ ಜಾಗ, ಅದನ್ನ ಸೆನ್ಸಾರಿನವರು ಶಾಯಿ ಬಳಿದು ಕಪ್ಪು ಮಾಡಿದ್ರು. ಸುಮಾರು 70 ವರ್ಷ ಆ ಸಾಲುಗಳನ್ನ ಯಾರೂ ಓದ್ಲಿಕ್ಕೆ ಆಗ್ಲಿಲ್ಲ, ಆಮೇಲೆ ಕೊರಿಯಾದಲ್ಲಿ ವಿಧಿವಿಜ್ಞಾನದ ಸಾಧನಗಳಿಂದ ಶಾಯಿಯ ಕೆಳಗಿನ ಅಕ್ಷರಗಳನ್ನ ಓದಿ ತೆಗೆದ್ರು.

ಈ ಕತೆಯನ್ನ ಓದಿಸುವ ರೀತಿ ಹೀಗೆ. ಕೊನೆಯ ಪುಟದ ಜೆರಾಕ್ಸ್ ತೆಗೆದು ಕಪ್ಪು ಮಾರ್ಕರಿನಲ್ಲಿ ಸಾಲುಗಳನ್ನ ಪೂರ್ತಿ ಮುಚ್ಚಿ, ಅದನ್ನೇ ಎಲ್ರಿಗೂ ಕೊಡಿ. ಓದುವವರು ಕಪ್ಪು ಪಟ್ಟಿಗೆ ಬಂದು ನಿಲ್ಲಲಿ. ಐದು ನಿಮಿಷ ಯಾರೂ ವಿವರಣೆ ಕೊಡ್ಬೇಡಿ, ಕೆಳಗೆ ಎಂತ ಇದ್ದಿರ್ಬಹುದು ಅಂತ ಒಬ್ಬೊಬ್ರೇ ಹೇಳಲಿ. ಆಮೇಲೆ ತೆರೆದ ಪುಟ ಕೊಡಿ. ನಮ್ಮಲ್ಲಿ ಅವತ್ತು ಜುಲೈ ತಿಂಗಳ ಮಳೆ, ಹಂಚಿಂದ ನೀರು ಧಾರೆಯಾಗಿ ಬೀಳ್ತಾ ಇತ್ತು, ಓದುವವರು ಸ್ವರ ಏರಿಸಿ ಓದ್ಬೇಕಾಗಿತ್ತು. ಬೀಡಿ ಅಕ್ಕ ಮಡಿಲಲ್ಲಿ ತಡ್ಪೆ ಇಟ್ಟು ಎಲೆ ಕತ್ತರಿಸ್ತಾ ಕೇಳ್ತಿದ್ರು, ಕಪ್ಪು ಪುಟ ಕೈಗೆ ಬಂದಾಗ ಕತ್ತರಿ ಕೆಳಗಿಟ್ರು. ಅವರು ಹೇಳಿದ್ದು, ಅವಳು ಇನ್ನು ಹೆದರೋದಿಲ್ಲ ಅಂತ ಇರ್ಬೇಕು ಅಲ್ಲಿ, ಬೇರೆ ಎಂತದಿದ್ರೂ ಅವರು ಇಷ್ಟು ಚಂದ ಮಾಡಿ ಮುಚ್ತಿರ್ಲಿಲ್ಲ. ತೆರೆದ ಪುಟ ಓದಿದಾಗ ಅವರು ಹೇಳಿದ್ದಕ್ಕೂ ಅಲ್ಲಿದ್ದದ್ದಕ್ಕೂ ಹೆಚ್ಚು ದೂರ ಇರ್ಲಿಲ್ಲ. ನಮ್ಮ ಅಂಕೋಲದಲ್ಲಿ 1930ರಲ್ಲಿ ಉಪ್ಪಿನ ಸತ್ಯಾಗ್ರಹ ಆದದ್ದನ್ನ ಮೇಷ್ಟ್ರು ಆಗ ಎತ್ತಿದ್ರು, ಉಪ್ಪಿನ ಮೇಲೆ ಕೈ ಹಾಕಿದ ಸರ್ಕಾರ ಎರಡು ಕಡೆಯೂ ಇತ್ತು ಅಂತ. ಇಂಥ ಹೋಲಿಕೆ ಕೂತವರ ಬಾಯಿಂದಲೇ ಬರ್ಬೇಕು, ನೀವು ಮೊದಲೇ ಹೇಳ್ಬೇಡಿ.

'ಉಪ್ಪು' ಓದುವಾಗ ಒಂದು ವಿಷಯ ತಪ್ಪಿಸ್ಬಾರ್ದು, ಧಣಿ ಚೀನಾದವ. ಚ್ವೆ ಸೊ-ಹೆ ಬರೆದ 'ಕೆಂಪು ಜ್ವಾಲೆ'ಯಲ್ಲೂ ಹಾಗೇ, 1927ರದ್ದು, ಸಾಲ ತೀರಿಸ್ಲಿಕ್ಕಾಗದ ಕೊರಿಯಾದ ಒಕ್ಕಲಿನ ಮಗಳನ್ನ ಚೀನೀ ಧಣಿ ಎಳ್ಕೊಂಡು ಹೋಗ್ತಾನೆ, ಅಪ್ಪ ಧಣಿ ಮನೆಗೆ ಬೆಂಕಿ ಇಟ್ಟು ಕೊಡಲಿ ಎತ್ತುತ್ತಾನೆ. ಅಂದ್ರೆ ಕೊರಿಯಾದ ಕತೆಗಳಲ್ಲಿ ಚೀನಾದವ ಅಂದ್ರೆ ಎಷ್ಟೋ ಸಲ ಗೇಣಿ ವಸೂಲಿಗೆ ಬರುವವ, ಚೀನಾದ ಕತೆಗಳಲ್ಲಿ ಕೊರಿಯಾದವ ಅಂದ್ರೆ ಕನಿಕರಕ್ಕೆ ಪಾತ್ರ. ಇಬ್ರೂ ಇನ್ನೊಬ್ರನ್ನ ನೋಡಿದ್ದು ಬೇರೆ ಬೇರೆ ಕಿಟಕಿಯಿಂದ. ಹಾಗಾಗಿ 'ಚೀನಾ ಕೊರಿಯಾ ಭಾಯಿ ಭಾಯಿ' ಅಂತ ಓದಿದ್ರೆ ಈ ಕತೆಗಳು ಕೈಗೆ ಸಿಗೋದಿಲ್ಲ. 1974ರ ಭೂಸುಧಾರಣೆಗೆ ಮುಂಚೆ ಗೇಣಿ ಕೊಟ್ಟು ಬದುಕಿದ ಮನೆಗಳು ನಮ್ಮ ಜಿಲ್ಲೆಯಲ್ಲಿ ಎಷ್ಟಿಲ್ಲ, ಆ ಮನೆಯವರು ಒಬ್ರು ಗುಂಪಿನಲ್ಲಿದ್ರೆ ಈ ಧಣಿ ಒಕ್ಕಲು ಲೆಕ್ಕ ಬಿಡಿಸಿ ಹೇಳ್ತಾರೆ, ಪ್ರೊಫೆಸರ್ ಬೇಡ.

ನಾಲ್ಕನೇ ತಿಂಗಳಿಗೆ ಕಷ್ಟದ ಜೋಡಿ. 1931ರ ಜುಲೈಯಲ್ಲಿ ಈಶಾನ್ಯ ಚೀನಾದ ಚಾಂಗ್‌ಚುನ್ ಹತ್ರ ವಾನ್‌ಬಾವ್‌ಶಾನ್ ಅನ್ನುವಲ್ಲಿ ಕೊರಿಯಾದ ರೈತರು ಗದ್ದೆಗೆ ನೀರಿನ ಕಾಲುವೆ ತೋಡಿದ್ರು, ಅದು ಚೀನೀ ರೈತರ ಜಾಗದಲ್ಲಿ ಹಾದು ಹೋಯ್ತು, ಜಗಳ ಆಯ್ತು, ಜಪಾನಿನ ಪೊಲೀಸರು ಕೊರಿಯನ್ನರ ರಕ್ಷಣೆ ಅಂತ ಹೇಳಿ ನಡುವೆ ಬಂದ್ರು. ಕೊರಿಯಾದಲ್ಲಿ ಇದು ಹಿಗ್ಗಿದ ಸುಳ್ಳು ಸುದ್ದಿಯಾಗಿ ಅಚ್ಚಾಯ್ತು, ಅಲ್ಲಿದ್ದ ಚೀನೀಯರ ಮೇಲೆ ಜನ ಮುಗಿಬಿದ್ದು ನೂರಕ್ಕೂ ಹೆಚ್ಚು ಜನ ಸತ್ರು. ಎರಡೂವರೆ ತಿಂಗಳು ಕಳೆದು ಸೆಪ್ಟೆಂಬರ್ 18ಕ್ಕೆ ಜಪಾನ್ ಮಂಚೂರಿಯಾವನ್ನ, ಅಂದ್ರೆ ಈ ಈಶಾನ್ಯ ಚೀನಾವನ್ನ, ನುಂಗ್ಲಿಕ್ಕೆ ಶುರು ಮಾಡಿತು. ಒಂದೇ ಕಾಲುವೆ ಬಗ್ಗೆ ಎರಡು ಬರಹ ಉಂಟು. ಚೀನಾದ ಲಿ ಹುಯಿಯಿಂಗ್ 1933ರಲ್ಲಿ 'ವಾನ್‌ಬಾವ್‌ಶಾನ್' ಅಂತ ಕಾದಂಬರಿ ಬರೆದ್ರು, ಅದರಲ್ಲಿ ಎರಡೂ ಕಡೆಯ ರೈತರು ಒಂದಾಗಿ ಜಪಾನಿನ ಎದುರು ನಿಲ್ತಾರೆ. ಕೊರಿಯಾದ ಯಿ ತೆ-ಜುನ್ 1939ರಲ್ಲಿ 'ರೈತರು' ಬರೆದ್ರು, ಅಲ್ಲಿ ಕಾಲುವೆ ತೋಡುವ ಕೊರಿಯನ್ನರ ಕಷ್ಟ ಮಾತ್ರ ಹತ್ತಿರದಿಂದ ಕಾಣ್ತದೆ, ಚೀನೀ ರೈತರು ಎದುರಾಳಿಗಳು. ಗುಂಪನ್ನ ಎರಡು ಮಾಡಿ, ಅರ್ಧ ಜನಕ್ಕೆ ಒಂದು, ಅರ್ಧ ಜನಕ್ಕೆ ಇನ್ನೊಂದು ಕೊಡಿ, ಮೂಲ ಪೂರ್ತಿ ಸಿಗದಿದ್ರೆ ಆಯ್ದ ಭಾಗ ಸಾಕು. ಆಮೇಲೆ ಎದುರುಬದುರು ಕೂರಿಸಿ ಕಾಲುವೆ ಯಾರದ್ದು ಅಂತ ಕೇಳಿ. ನನ್ನ ಅಭಿಪ್ರಾಯ ಹೇಳುವುದಾದ್ರೆ, ಲಿ ಬರೆದದ್ದು ಕಲೆಯಾಗಿ ಅವಸರದ್ದು, ಆದ್ರೆ ಅವತ್ತು ಹಾಗೆ ಬರೀಲಿಕ್ಕೆ ಎದೆ ಬೇಕಿತ್ತು, ಸತ್ತವರು ತನ್ನ ಜನ ಆಗಿದ್ದಾಗಲೂ ಕೊರಿಯಾದ ರೈತನನ್ನ ಶತ್ರು ಮಾಡದೆ ಬಿಟ್ಟದ್ದು ಸಣ್ಣ ವಿಷಯ ಅಲ್ಲ.

ಒಡೆದು ಹೋದ ಜಾಗಗಳನ್ನ ಮುಚ್ಚಿಡ್ಬೇಡಿ ಅಂತ ಅದಕ್ಕೇ ಹೇಳೋದು. 1932ರ ನಂತರ ಗಾಂದೋದ ಗೆರಿಲ್ಲಾ ನೆಲೆಗಳಲ್ಲಿ ಕೊರಿಯಾದ ಕ್ರಾಂತಿಕಾರಿಗಳನ್ನ ಜಪಾನಿನ ಗೂಢಚಾರರು ಅಂತ ಸಂಶಯ ಮಾಡಿ ಸ್ವಂತ ಕಮ್ಯುನಿಸ್ಟ್ ಪಕ್ಷದವರೇ ನೂರಾರು ಜನರನ್ನ ಕೊಂದ್ರು, ಮಿನ್‌ಸೆಂಗ್‌ದಾನ್ ಪ್ರಕರಣ ಅಂತ ಹೇಳ್ತಾರೆ. ಇದನ್ನ ತಿಳ್ಕೊಂಡು ಶಾವ್ ಜುನ್ ಬರೆದ 'ಆಗಸ್ಟಿನ ಹಳ್ಳಿ' ಓದಿ, 1935ರ ಕಾದಂಬರಿ, ಚೀನಾದ ದೊಡ್ಡ ಲೇಖಕ ಲು ಶುನ್‌ರ ಮುನ್ನುಡಿ ಉಂಟು. ಅದರಲ್ಲಿ ಚೀನೀ ಗೆರಿಲ್ಲಾಗಳ ಜೊತೆ ಆನ್ನಾ ಅಂತ ಕೊರಿಯಾದ ಹುಡುಗಿ ಇದ್ದಾಳೆ. ಅವಳು ಬರೀ ಪ್ರೇಯಸಿಯಾಗಿ ಉಳೀತಾಳಾ, ಬಂದೂಕು ಹಿಡಿದವಳಾಗಿಯೂ ಕಾಣ್ತಾಳಾ ಅಂತ ನಮ್ಮಲ್ಲಿ ಮಣಿಪಾಲದ ಹುಡುಗಿಯರಿಬ್ರು ಗಂಟೆಗಟ್ಟಲೆ ವಾದ ಮಾಡಿದ್ರು, ಇನ್ನೂ ಮುಗಿದಿಲ್ಲ.

ಅನುವಾದದ ಬಗ್ಗೆ ಒಂದು ಸಭೆ ಪ್ರತ್ಯೇಕ ಇಡಿ. ಹು ಫೆಂಗ್ ಅನ್ನುವ ಚೀನೀ ವಿಮರ್ಶಕ ಟೋಕಿಯೋದಲ್ಲಿ ಓದ್ತಿದ್ದವ, 1933ರಲ್ಲಿ ಅಲ್ಲಿಂದ ಗಡೀಪಾರಾಗಿ ಶಾಂಘೈಗೆ ಬಂದ. 1936ರಲ್ಲಿ ಅವನು 'ಬೆಟ್ಟದ ಚೇತನ' ಅಂತ ಒಂದು ಸಂಕಲನ ತಂದ, ಕೊರಿಯಾ ಮತ್ತು ತೈವಾನಿನ ಕತೆಗಳು, ಎಲ್ಲ ಜಪಾನಿ ಭಾಷೆಯ ಮೂಲಕ ಅನುವಾದ ಆದದ್ದು. ಯಾರ ವಿರುದ್ಧ ಬರೆದದ್ದೋ ಅವರದ್ದೇ ಭಾಷೆ ಸೇತುವೆ ಆಯ್ತು. ಅನುವಾದ ಮಾಡ್ತಾ ಮಾಡ್ತಾ ತಾನೂ ಆ ಪಾತ್ರಗಳ ನಡುವೆ ಹೋಗಿ ಅವರ ಜೊತೆ ನರಳಿದೆ ಅನ್ನುವ ಅರ್ಥದಲ್ಲಿ ಮುನ್ನುಡಿ ಬರೆದಿದ್ದಾನೆ. ಆ ಸಂಕಲನದ ಜಾಂಗ್ ಹ್ಯೊಕ್-ಜು ಆಮೇಲೆ ಜಪಾನಿನ ಪರ ಹೋದ, ಅದನ್ನೂ ಹೇಳಿ. ನಾವೂ ಈ ಕತೆಗಳನ್ನ ಓದ್ತಿರುವುದು ನಮ್ಮನ್ನ ಆಳಿದವರ ಭಾಷೆಯಲ್ಲೇ ಅಲ್ವಾ. ಹಾಗಾಗಿ ಪ್ರತಿ ಸಭೆಯಲ್ಲೂ ಒಂದು ಪುಟವನ್ನಾದ್ರೂ ಕನ್ನಡ ಮಾಡಿ ಓದಿ, ಚಂದ ಆಗ್ಬೇಕಂತಿಲ್ಲ. ನಿರಂಜನರು ನವಕರ್ನಾಟಕಕ್ಕೆ 25 ಸಂಪುಟದ ವಿಶ್ವಕಥಾಕೋಶ ಮಾಡಿಸಿದ್ದು ಇದೇ ನಂಬಿಕೆಯಿಂದ, ಹಳೇ ಪ್ರತಿ ಲೈಬ್ರರಿಯಲ್ಲಿ ಸಿಕ್ಕಿದ್ರೆ ಬಿಡ್ಬೇಡಿ.

1945ರ ನಂತರದ್ದು ನಾವು ಬೇಗ ಮುಗಿಸಿದ್ವಿ. ಕೊರಿಯಾ ಯುದ್ಧದ ಕಾಲದ ಚೀನೀ ಕಾದಂಬರಿಗಳಲ್ಲಿ ಸ್ನೇಹ ಸರ್ಕಾರದ್ದಾಗಿ ಹೋಗಿದೆ, ಎಲ್ರೂ ಒಂದೇ ಸ್ವರದಲ್ಲಿ ಮಾತಾಡ್ತಾರೆ, ನನ್ನ ಮನಸ್ಸು ಅಲ್ಲಿ ನಿಲ್ಲೋದಿಲ್ಲ. ಇಷ್ಟು ಮಾತ್ರ ತಿಳ್ಕೊಳ್ಳಿ, ಕೊರಿಯಾದ ಕತೆಗಳನ್ನ ಚೀನಾಕ್ಕೆ ತಂದ ಹು ಫೆಂಗನನ್ನ 1955ರಲ್ಲಿ ಚೀನಾ ಸರ್ಕಾರವೇ ಜೈಲಿಗೆ ಹಾಕಿತು. ಉತ್ತರ ಕೊರಿಯಾಕ್ಕೆ ಹೋದ ಲೇಖಕರ ಪುಸ್ತಕಗಳಿಗೆ ದಕ್ಷಿಣ ಕೊರಿಯಾದಲ್ಲಿ 1988ರ ತನಕ ನಿಷೇಧ ಇತ್ತು. ಯಿ ತೆ-ಜುನ್ ಆ ಪಟ್ಟಿಯಲ್ಲಿದ್ದವರೇ.

ಕೊನೆಗೆ ಇಡ್ಬೇಕಾದದ್ದು ಲು ಶುನ್‌ರ 'ಹುಟ್ಟೂರು', 1921ರ ಕತೆ. ಇದನ್ನ ಕೊರಿಯನ್ನಿಗೆ ತಂದವರಲ್ಲಿ ಕವಿ ಯಿ ಯುಕ್-ಸಾ ಒಬ್ರು. 1933ರ ಜೂನಿನಲ್ಲಿ ಶಾಂಘೈಯಲ್ಲಿ ಯಾಂಗ್ ಶಿಂಗ್‌ಫೋ ಅನ್ನುವ ಮಾನವ ಹಕ್ಕಿನ ಹೋರಾಟಗಾರನ ಕೊಲೆ ಆಯ್ತು, ಅವನ ಅಂತಿಮ ದರ್ಶನಕ್ಕೆ ಲು ಶುನ್ ಬಂದಿದ್ರು, ಯುಕ್-ಸಾನೂ ಹೋಗಿದ್ದ. ಕೊರಿಯಾದ ಹುಡುಗ ಅಂತ ಪರಿಚಯ ಮಾಡಿಸಿದಾಗ ಲು ಶುನ್ ಇನ್ನೊಮ್ಮೆ ತನ್ನ ಕೈ ಹಿಡಿದ್ರು ಅಂತ ಅವನೇ ಬರೆದಿದ್ದಾನೆ. 1936ರ ಅಕ್ಟೋಬರ್ 19ಕ್ಕೆ ಲು ಶುನ್ ತೀರಿಕೊಂಡ್ರು, ಅದೇ ವಾರ ಯುಕ್-ಸಾ ಪತ್ರಿಕೆಯಲ್ಲಿ ಶ್ರದ್ಧಾಂಜಲಿ ಬರೆದ, ಡಿಸೆಂಬರಿಗೆ 'ಹುಟ್ಟೂರು' ಅನುವಾದ ಬಂತು. ಅವನೂ 1944ರಲ್ಲಿ ಬೀಜಿಂಗಿನ ಜಪಾನೀ ಸೆರೆಯಲ್ಲಿ ಸತ್ತ. ಕತೆಯಲ್ಲಿ ಇಪ್ಪತ್ತು ವರ್ಷ ಬಿಟ್ಟು ಊರಿಗೆ ಬಂದವನ ಎದುರು ಬಾಲ್ಯದ ಗೆಳೆಯ ರುನ್‌ತು ನಿಂತಿದ್ದಾನೆ, ತುಟಿ ಅಲುಗ್ತದೆ, ಹೆಸರು ಹಿಡಿದು ಕರೀತಾನೆ ಅಂತ ಇವನು ಕಾಯ್ತಾನೆ, ಅವನು ಕರೆಯೋದು 'ಲಾವ್‌ಯೆ' ಅಂತ. ಇಂಗ್ಲಿಷಿನಲ್ಲಿ ಮಾಸ್ಟರ್ ಅಂತ ಇತ್ತು, ಮೇಷ್ಟ್ರು ಕನ್ನಡ ಮಾಡುವಾಗ 'ಧಣಿಗಳೇ' ಅಂತ ಓದಿದ್ರು. ರಿಟೈರ್ ಆದ ಬ್ಯಾಂಕಿನವರು ಓದನ್ನ ನಿಲ್ಲಿಸ್ಲಿಕ್ಕೆ ಹೇಳಿ ಹೊರಗೆ ಹೋದ್ರು, ಅವರ ಅಪ್ಪ ಜೀವಮಾನ ಪೂರ್ತಿ ಆ ಶಬ್ದ ಹೇಳಿದವರಂತೆ, ತನ್ನ ಕ್ಲಾಸ್‌ಮೇಟ್ ಹುಡುಗನಿಗೂ.

ಇದಾದ ಮೇಲೆ ಇನ್ನೊಂದು ಆದಿತ್ಯವಾರ ಉಳಿಸಿಟ್ಟುಕೊಂಡು 'ಚಿರಸ್ಮರಣೆ' ಓದಿ. ನಿರಂಜನರು ನಮ್ಮ ಕುಳ್ಕುಂದದವರು, ಬರೆದದ್ದು ಕೈಯೂರಿನ ಮಲಯಾಳಂ ಮಾತಾಡುವ ರೈತರ ಬಗ್ಗೆ, ಕನ್ನಡದಲ್ಲಿ. ಆಗ ಕೈಯೂರು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು, 1943ರ ಮಾರ್ಚ್ 29ಕ್ಕೆ ಕಣ್ಣೂರು ಜೈಲಿನಲ್ಲಿ ಅಲ್ಲಿನ ರೈತ ಹೋರಾಟದ ನಾಲ್ಕು ಜನರನ್ನ ಗಲ್ಲಿಗೇರಿಸಿದ್ರು. ಆ ದಿನಕ್ಕೆ ಕಾಸರಗೋಡಿನ ಕಡೆಯವರನ್ನ ಯಾರನ್ನಾದ್ರೂ ಕರೀರಿ. ನಮ್ಮಲ್ಲಿಗೆ ಬಂದವರು ಮಣಿಪಾಲದಲ್ಲಿ ಕ್ಯಾಂಟೀನ್ ಕೆಲಸ ಮಾಡುವವರು, ಕನ್ನಡ ಓದ್ಲಿಕ್ಕೆ ಬರ್ತಿರ್ಲಿಲ್ಲ, ನಾವು ಓದ್ತಾ ಹೋದ ಹಾಗೆ ಪ್ರತಿ ಹೆಸರನ್ನೂ ನಿಲ್ಲಿಸಿ ಸರಿಯಾಗಿ ಹೇಳಿಕೊಟ್ರು, ಚಿರುಕಂಡನ್, ಅಪ್ಪು, ಕುಂಞಂಬು, ಅಬೂಬಕರ್, ಬೀಡಿ ಅಕ್ಕ ಅವರ ಹಿಂದೆಯೇ ಮೆಲ್ಲ ಹೇಳ್ಕೊಂಡು ಬಂದ್ರು.